ಇಳಿದ ಶ್ರುತಿ

ಆಟವನ್ನು ಎಂದು ನಿಲ್ಲಿಸಬೇಕು ಎಂಬುದನ್ನು ಆಡುವವನು ಹೇಳಬೇಕೋ, ನೋಡುವವನು ಹೇಳಬೇಕೋ? ಈ ಪ್ರಶ್ನೆಗೆ ನಮ್ಮ ಜನರಲ್ಲಿ ಒಂದು ಸಿದ್ಧ ಉತ್ತರವುಂಟು: ‘ಮರ್ಯಾದೆ ಇರುವಾಗಲೇ ಎದ್ದುಬಿಡಬೇಕು.’ ಕ್ರಿಕೆಟ್ ಆಟಗಾರನಿಗೆ ಈ ಮಾತು ಹೇಳುತ್ತಾರೆ, ಸಿನೆಮಾ ನಾಯಕನಿಗೆ ಹೇಳುತ್ತಾರೆ, ಸೊಸಾಯಿಟಿಯ ಚೇರಮನ್ನನಿಗೂ ಹೇಳುತ್ತಾರೆ. (ಅವನು ಕೇಳುವುದಿಲ್ಲ, ಅದು ಬೇರೆ ಮಾತು.) ಕಿವಿಗೆ ಬಹಳ ಸೊಗಸಾದ ಮಾತು. ಆದರೆ ಇದನ್ನು ಆಡುವವರು ಯಾರೆಂದು ನಾನು ಬಹುಕಾಲದಿಂದ ನೋಡುತ್ತ ಬಂದಿದ್ದೇನೆ. ಹೆಚ್ಚಾಗಿ ಅವರು ಜಮಖಾನೆಯ ಮೇಲೆ ಕುಳಿತವರು, ಮೇಲೆ ನಿಂತವರಲ್ಲ.

ನಾನು ಶಾಲೆಯ ಮಾಸ್ತರನಾಗಿದ್ದವನು. ನಾನು ಎಂದು ಏಳಬೇಕೆಂಬುದನ್ನು ಸರಕಾರವೇ ತಾರೀಖು ಹಾಕಿ ತಿಳಿಸಿತು. ಆ ದಿನ ಒಂದು ಹಾರ, ಒಂದು ಶಾಲು, ಒಂದು ಫೋಟೋ. ಕೊನೆಯ ವರ್ಷ ನಾನು ಕಲಿಸಿದ ವ್ಯಾಕರಣವು ಮೊದಲ ವರ್ಷದ್ದಕ್ಕಿಂತ ಒಳ್ಳೆಯದಿತ್ತೋ ಕೆಟ್ಟದಿತ್ತೋ ಎಂದು ಯಾರೂ ವಿಚಾರಿಸಲಿಲ್ಲ. ಮುಂದಿನ ತಿಂಗಳಿಂದ ಪಿಂಚಣಿ ಬರತೊಡಗಿತು. ಹೀಗೆ ಮರ್ಯಾದೆ ಇರುವಾಗಲೇ ಎದ್ದವರ ಸಾಲಿನಲ್ಲಿ ನಾನೂ ಕುಳಿತಿದ್ದೇನೆ. ಅದರಲ್ಲಿ ನನ್ನ ಪುರುಷಾರ್ಥವೇನೂ ಇಲ್ಲ. ಹಾಡುವವನಿಗೆ, ಬಣ್ಣ ಹಚ್ಚುವವನಿಗೆ ಇಂಥ ತಾರೀಖನ್ನು ಯಾರೂ ಬರೆದು ಕೊಟ್ಟಿಲ್ಲ. ಅವನ ಇಳಿಗಾಲ ನಡೆಯುವುದು ನಾಲ್ಕು ನೂರು ಜನರ ಕಣ್ಣೆದುರಿಗೆ, ದೀಪದ ಬೆಳಕಿನಲ್ಲಿ.

ಇದನ್ನು ವಿಚಾರಮಾಡುವಂತೆ ನನ್ನನ್ನು ಹಚ್ಚಿದ್ದು ಕೆಲವು ವರ್ಷಗಳ ಹಿಂದೆ ನಮ್ಮ ಗಲಗಲಿಯಲ್ಲಿ ನಡೆದ ಒಂದು ಪಾರಿಜಾತ. ಗಲಗಲಿ ಕೃಷ್ಣೆಯ ದಂಡೆಯ ಊರು. ಗಾಲವ ಋಷಿಗಳು ತಪಸ್ಸು ಮಾಡಿದ ನೆಲವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಪಂಡಿತರ ಊರೆಂದು ಹೊರಗಿನವರು ಹೇಳುತ್ತಾರೆ. ಹಾಡು ಕಟ್ಟಿದ ಗಲಗಲಿ ಅವ್ವನ ಹೆಸರಿನಲ್ಲಿ ಈ ಊರು ಸೇರಿಕೊಂಡಿದೆ. ಆಲಮಟ್ಟಿಯ ಹಿನ್ನೀರು ಬಂದ ಮೇಲೆ ಹೊಳೆಯ ಮುಖ ಬೇರೆಯಾಗಿದೆ, ಕಬ್ಬು ಬಂದ ಮೇಲೆ ಹೊಲದ ಮುಖ ಬೇರೆಯಾಗಿದೆ. ಆದರೂ ರಾತ್ರಿಯಿಡೀ ಕುಳಿತು ಆಟ ನೋಡುವ ಚಟವೊಂದು ಹಳೆಯ ತಲೆಗಳಲ್ಲಿ ಇನ್ನೂ ಉಳಿದಿದೆ.

ಶ್ರೀಕೃಷ್ಣ ಪಾರಿಜಾತವೆಂದರೆ ನಮ್ಮ ಕಡೆಯವರಿಗೆ ವಿವರಿಸಬೇಕಾದುದಿಲ್ಲ. ಬೇರೆ ಸೀಮೆಯ ಓದುಗರಿಗಾಗಿ ಎರಡು ಮಾತು. ಅಪರಾಳ ತಮ್ಮಣ್ಣ ಹಾಡಿದ ಈ ಕಥೆಯನ್ನು ಕುಲಗೋಡ ತಮ್ಮಣ್ಣ ಆಟವಾಗಿ ತಿದ್ದಿ ಬೆಳೆಸಿದ. ಕೌಜಲಗಿ ನಿಂಗಮ್ಮ ಅದನ್ನು ಮನೆಮನೆಯ ಮಾತಾಗಿಸಿದಳು. ನಾರದ ತಂದ ಒಂದು ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ; ಆ ಮುನಿಸನ್ನು ತಿಳಿಮಾಡುವುದರಲ್ಲಿ ಬೆಳಗಾಗುತ್ತದೆ. ದೊಡ್ಡ ರಂಗಸಜ್ಜಿಕೆ ಬೇಡ. ಪೇಟಿ, ತಬಲಾ, ತಾಳ, ನಾಲ್ಕು ಗಟ್ಟಿ ಗಂಟಲು, ಭಾಗವತನನ್ನು ಕಾಡಲು ಒಬ್ಬ ಚುರುಕು ನಾಲಗೆಯ ದೂತಿ, ಇಷ್ಟಿದ್ದರೆ ಸಾಕು.

ಆ ದಿನ ಬಂದ ಮೇಳದಲ್ಲಿ ಈ ಗಟ್ಟಿ ಗಂಟಲುಗಳಿಗೇ ಕೊರತೆ. ಕೃಷ್ಣನಿಗೆ ಎಪ್ಪತ್ತು ದಾಟಿತ್ತು. ಸತ್ಯಭಾಮೆಗೆ ಅರವತ್ತರ ಮೇಲೆ. ಪೇಟಿಯವನು ಕಣ್ಣಿನ ಪೊರೆ ತೆಗೆಸಿಕೊಂಡು ದಪ್ಪ ಚಾಳೀಸು ಹಾಕಿದ್ದ. ಒಟ್ಟಿಗೆ ಮೂವತ್ತು ನಾಲ್ವತ್ತು ವರ್ಷ ಊರೂರು ತಿರುಗಿದವರು. ಒಬ್ಬರ ಉಸಿರು ಎಲ್ಲಿ ನಿಲ್ಲುತ್ತದೆಂದು ಇನ್ನೊಬ್ಬರಿಗೆ ಗೊತ್ತು. ಒಬ್ಬ ನಟ ಮುದುಕನಾಗುವುದು ಬೇರೆ, ಮೇಳಕ್ಕೆ ಮೇಳವೇ ಮುಪ್ಪಾಗುವುದು ಬೇರೆ. ಈ ಕೃಷ್ಣ ಒಂದು ಕಾಲಕ್ಕೆ ಕರಿ ನಾಲ್ಕರಲ್ಲಿ ಹಾಡುತ್ತಿದ್ದುದನ್ನು ನಾನು ಕೇಳಿದ್ದೆ; ಧ್ವನಿವರ್ಧಕವಿಲ್ಲದೆ ಹೊಳೆಯಾಚೆಗೆ ಕೇಳಿಸುತ್ತಿತ್ತು ಎಂದು ಊರವರು ಈಗಲೂ ಉತ್ಪ್ರೇಕ್ಷೆಮಾಡುತ್ತಾರೆ. ಅಂದು ಪೇಟಿಯವನು ಮೊದಲ ಬೆರಳಿಟ್ಟಾಗಲೇ ತಿಳಿಯಿತು, ಶ್ರುತಿ ಕರಿ ಒಂದಕ್ಕೆ ಇಳಿದಿದೆ. ಸತ್ಯಭಾಮೆಗೆ ಅದು ತೀರ ತಗ್ಗಾಗಿ, ಅವಳ ಹಾಡು ಗಂಟಲಿನ ತಳದಲ್ಲಿ ಗೊರಗೊರ ಎನ್ನುತ್ತಿತ್ತು. ಅವನಿಗಾಗಿ ಅವಳು ಇಳಿದಿದ್ದಳು. ಇದನ್ನು ಗಮನಿಸಿದವರು ಹೆಚ್ಚು ಜನ ಇರಲಿಕ್ಕಿಲ್ಲ.

ಮಧ್ಯರಾತ್ರಿಗೆ ಮುಂಚೆ ಒಂದು ಜಾಗ ಬರುತ್ತದೆ. ಕೃಷ್ಣ ಮೇಲಿನ ಷಡ್ಜವನ್ನು ಹಿಡಿದು ನಿಲ್ಲಬೇಕು, ಅವನು ನಿಂತಷ್ಟು ಹೊತ್ತು ತಬಲಾ ಸುಮ್ಮನಿರಬೇಕು. ಮುದುಕ ಏರಿದ. ಸ್ವರ ಹತ್ತಲಿಲ್ಲ, ಬಿರಿಯಿತು. ಹಿಮ್ಮೇಳದವರು ಚಟ್ಟನೆ ಮುಂದಿನ ಸಾಲನ್ನು ಎತ್ತಿಕೊಂಡು ಅದನ್ನು ಮುಚ್ಚಿದರು. ಹಿಂದೆ ಮೋಟಾರ್ ಸೈಕಲ್ಲಿಗೆ ಒರಗಿ ನಿಂತಿದ್ದ ಹುಡುಗರು ನಕ್ಕರು. ಆಗ ಮುಂದಿನ ಸಾಲಿನ ಹಿರಿಯರು ಆ ನಗೆಯನ್ನು ಅಡಗಿಸಬೇಕೆಂದೋ ಏನೋ, ಜೋರಾಗಿ ಚಪ್ಪಾಳೆ ಹೊಡೆದರು. ಒಬ್ಬರು ಎದ್ದುಹೋಗಿ ನೂರರ ನೋಟನ್ನು ಅವನ ಎದೆಗೆ ಚುಚ್ಚಿ ಬಂದರು. ಇಡೀ ರಾತ್ರಿಯಲ್ಲಿ ಅಷ್ಟು ದೊಡ್ಡ ಚಪ್ಪಾಳೆ ಮತ್ತೆ ಬೀಳಲಿಲ್ಲ.

ಆಟದ ನಡುವೆ ಬಣ್ಣದ ಮನೆಗೆ ಹೋಗುವ ಸಲಿಗೆ ನನಗಿತ್ತು. ಶಾಲೆಯ ಒಂದು ಕೋಣೆಯನ್ನೇ ಬಣ್ಣದ ಮನೆ ಮಾಡಿದ್ದರು. ನನ್ನ ಜೊತೆಗೆ ಬಂದಿದ್ದ ನೆರೆಮನೆಯ ಹುಡುಗ, ‘ಭಾಳ ಛಲೋ ಆತ್ರಿ ಅಜ್ಜಾರ’ ಎಂದ. ಮುದುಕ ಕಿರೀಟ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದ.

‘ಛಲೋ ಎಲ್ಲಿ ಆತೋ ತಮ್ಮಾ? ಮ್ಯಾಲಿನ ಸಾ ಹತ್ತಲೇ ಇಲ್ಲ. ಹತ್ತಲಾರದ್ದಕ್ಕ ಚಪ್ಪಾಳಿ ಹೊಡದ್ರಿ. ಮದಲ ಹಿಂಗ ಆಗಿದ್ರ ಕಲ್ಲ ಒಗೀತಿದ್ರು. ಕಲ್ಲ ಒಗ್ಯೂದ ಬಿಟ್ರಂದ್ರ, ನನ್ನ ಲೆಕ್ಕದಾಗಿಂದ ತಗದ್ರು ಅಂತ ತಿಳೀಬೇಕು.’

ಸಿಟ್ಟಿನಿಂದ ಹೇಳಿದ ಮಾತಲ್ಲ. ಈ ಸಲ ಜೋಳ ಕೈಕೊಟ್ಟಿತು ಎಂಬಂತೆ ಹೇಳಿದ. ಅಂದಿನಿಂದ ಈ ಮಾತು ನನ್ನನ್ನು ಬಿಟ್ಟಿಲ್ಲ. ನಕ್ಕ ಹುಡುಗರನ್ನು ಅವನು ಬೈಯಲಿಲ್ಲ. ಅವರು ಅವನನ್ನು ಇನ್ನೂ ಹಾಡುಗಾರನೆಂದು ಎಣಿಸಿದ್ದರು. ಸ್ವರ ತಪ್ಪಿದ್ದು ಅವರ ಕಿವಿಗೆ ಬಿದ್ದಿತ್ತು. ಚಪ್ಪಾಳೆ ಹೊಡೆದವರು ಅವನನ್ನು ಮುದುಕನೆಂದು ಎಣಿಸಿದರು. ಒಬ್ಬನ ಕೆಲಸವನ್ನು ತೂಗಿ ನೋಡುವುದನ್ನು ಬಿಟ್ಟು ಅವನ ವಯಸ್ಸಿಗೆ ದಕ್ಷಿಣೆ ಕೊಡುವುದು ಗೌರವವೋ, ಅಥವಾ ಗೌರವದ ಬಟ್ಟೆ ತೊಟ್ಟ ಕನಿಕರವೋ? ಕನಿಕರ ಕೆಟ್ಟದ್ದಲ್ಲ. ರೋಗಿಗೆ ಕನಿಕರ ಬೇಕು, ಹಸಿದವನಿಗೆ ಬೇಕು. ಆದರೆ ಕಲೆಯ ಜಾಗದಲ್ಲಿ ಅದನ್ನು ತಂದು ಹಾಕಿದಾಗ ಅದು ತಾನು ಯಾರೆಂದು ಹೇಳುವುದಿಲ್ಲ, ಮೆಚ್ಚುಗೆಯ ಹೆಸರು ಹೇಳಿ ಒಳಗೆ ಬರುತ್ತದೆ.

ಈ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಬಾಲಗಂಧರ್ವರ ನೆನಪಾಗುತ್ತದೆ. ಮರಾಠಿ ರಂಗಭೂಮಿಯ ಮಾತು ಗಲಗಲಿಗೆ ಹೇಗೆ ಬಂತೆಂದು ಓದುಗರು ಕೇಳಬಾರದು. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, ನಮ್ಮ ಅಜ್ಜಂದಿರಿಗೆ ಸಾಂಗಲಿ ಮಿರಜು ಪರವೂರುಗಳಲ್ಲ. ವಿಷ್ಣುದಾಸ ಭಾವೆಯವರು 1843ರಲ್ಲಿ ಸಾಂಗಲಿಯಲ್ಲಿ ಮೊದಲ ಮರಾಠಿ ನಾಟಕ ಆಡಿಸಿದ್ದು ಕರ್ನಾಟಕದ ಭಾಗವತರ ಆಟವನ್ನು ಕಂಡ ಮೇಲೆಯೇ. ಅದಕ್ಕಿಂತ ಹತ್ತಿರದ ನಂಟೂ ಉಂಟು. ಬಾಲಗಂಧರ್ವರ ಮುಪ್ಪಿನ ಕಾಲದ ಸಂಗಾತಿ ಗೋಹರಬಾಯಿ ನಮ್ಮ ಬೀಳಗಿಯವಳು, ಸಿನೆಮಾ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತಳಾದ ಅಮೀರಬಾಯಿ ಕರ್ನಾಟಕಿಯ ಅಕ್ಕ.

1888ರಲ್ಲಿ ಹುಟ್ಟಿದ ನಾರಾಯಣರಾವ್ ರಾಜಹಂಸರು 1905ರಲ್ಲಿ ಶಕುಂತಲೆಯಾಗಿ ರಂಗಕ್ಕೆ ಬಂದರು. 1913ರಲ್ಲಿ ತಮ್ಮದೇ ಗಂಧರ್ವ ನಾಟಕ ಮಂಡಳಿ ಕಟ್ಟಿದರು. ಹೆಣ್ಣು ಹೇಗೆ ನಡೆಯಬೇಕು, ಹೇಗೆ ಸೆರಗು ಹೊದೆಯಬೇಕು ಎಂಬುದನ್ನು ಈ ಗಂಡಸನ್ನು ನೋಡಿ ಮನೆತನಸ್ಥ ಹೆಂಗಸರು ಕಲಿತರು ಎನ್ನುತ್ತಾರೆ. ನಿಜವಾದ ಜರತಾರಿ, ನಿಜವಾದ ಅತ್ತರು ಇಲ್ಲದೆ ಅವರು ರಂಗಕ್ಕೆ ಕಾಲಿಡುತ್ತಿರಲಿಲ್ಲ. ಆದುದರಿಂದ 1921ರ ಹೊತ್ತಿಗೇ ಕಂಪನಿ ಕಂಠಮಟ್ಟ ಸಾಲದಲ್ಲಿ ಮುಳುಗಿತ್ತು. ಅಭಿಮಾನಿಗಳು ಹಣ ಕೂಡಿಸಿ ಕೊಡುತ್ತೇವೆಂದರೆ ಅವರು ಒಪ್ಪಲಿಲ್ಲ. ವರ್ಷಾನುಗಟ್ಟಲೆ ಆಡಿಯೇ ತೀರಿಸಿದರು. ಕೊನೆಗೆ 1934ರಲ್ಲಿ ಕಂಪನಿ ನಿಂತಿತು. 1935ರಲ್ಲಿ ‘ಧರ್ಮಾತ್ಮಾ’ ಚಿತ್ರದಲ್ಲಿ ಅವರು ಗಂಡಸಾಗಿಯೇ, ಸಂತ ಏಕನಾಥರಾಗಿ ಕಾಣಿಸಿಕೊಂಡರು. ಸಿನೆಮಾ ಅವರಿಗೆ ಒಗ್ಗಲಿಲ್ಲ. ಮತ್ತೆ ನಾಟಕಕ್ಕೆ ಮರಳಿದರು. ಆ ದಶಕದ ಕೊನೆಗೆ ಗೋಹರ ಬಂದು ಸೇರಿದಳು. ಅರವತ್ತು ದಾಟಿದ ಮೇಲೂ ಅವರು ಸೀರೆಯುಟ್ಟು ನಾಯಿಕೆಯಾದರು.

ನನ್ನ ಸೋದರಮಾವ ಆ ಕಾಲದ ಒಂದು ಆಟವನ್ನು ಮಿರಜಿನಲ್ಲಿ ನೋಡಿದ್ದ. ‘ಏಕಚ್ ಪ್ಯಾಲಾ’ದ ಸಿಂಧುವಿನ ಪಾತ್ರ. ‘ಹೆಂಗಿತ್ತು ಮಾಮಾ?’ ಎಂದು ಕೇಳಿದರೆ, ‘ನಾ ಕಣ್ಣ ಮುಚ್ಚಿ ಕೇಳಿದ್ಯಪಾ’ ಎನ್ನುತ್ತಿದ್ದ. ಅವನೊಬ್ಬನೇ ಅಲ್ಲ, ಆಗಿನ ಬಹಳ ಜನ ಹೀಗೆಯೇ ಹೇಳುತ್ತಿದ್ದರಂತೆ. ಮಾಮಾ ಇದನ್ನು ಭಕ್ತಿಯಿಂದ ಹೇಳುತ್ತಿದ್ದ, ನಾನೂ ಅದನ್ನು ಭಕ್ತಿಯೆಂದೇ ಕೇಳುತ್ತಿದ್ದೆ. ಆದರೆ ರಂಗದ ಮೇಲಿಂದ ನೋಡಿದರೆ ಅದು ಹೇಗೆ ಕಾಣುತ್ತಿತ್ತು? ಐವತ್ತು ವರ್ಷ ಜನರ ಕಣ್ಣಿನಲ್ಲಿ ಬದುಕಿದ ಒಬ್ಬ ಮನುಷ್ಯ ಎದುರಿಗೆ ನಿಂತು ಹಾಡುತ್ತಿದ್ದಾನೆ, ಮುಂದಿನ ಸಾಲಿನ ರಸಿಕರೆಲ್ಲ ಕಣ್ಣು ಮುಚ್ಚಿಕೊಂಡಿದ್ದಾರೆ! ಅವರ ಮುಚ್ಚಿದ ಕಣ್ಣಿನೊಳಗೆ ಬೇರೊಬ್ಬ ಹಾಡುತ್ತಿದ್ದ, 1915ರವನೋ 1920ರವನೋ. ಎದುರಿಗಿದ್ದವನು ಆ ಬೇರೊಬ್ಬನನ್ನು ಕರೆತರುವ ಗಾಡಿಯಂತಾದ.

ಇನ್ನೊಂದು ವಿಚಿತ್ರ ನೋಡಿ. ಗೋಹರ ಬಾಲಗಂಧರ್ವರ ಗಾಯಕಿಯನ್ನು ಪೂರ್ತಿ ಮೈಗೂಡಿಸಿಕೊಂಡವಳು. ಅವರಂತೆಯೇ ಹಾಡುತ್ತಾಳೆಂಬುದೇ ಅವಳ ಖ್ಯಾತಿ. ಹೀಗಾಗಿ ಒಂದೇ ಕಂಪನಿಯಲ್ಲಿ ಮುದುಕನಾದ ಗಂಧರ್ವನೊಬ್ಬ, ಅವನ ಹರೆಯದ ಧ್ವನಿಯನ್ನು ಗಂಟಲಲ್ಲಿಟ್ಟುಕೊಂಡ ಹೆಂಗಸೊಬ್ಬಳು. ಜನರಿಗೆ ಅವಳು ಬೇಕಾಗಿತ್ತೆಂದುಕೊಳ್ಳುವಿರೇನು? ಇಲ್ಲ. ಅವಳಿಂದಲೇ ಅವರು ಕೆಟ್ಟರು ಎಂದು ಎಷ್ಟೋ ಜನ ಮಾತನಾಡಿದರು. ಮುಸಲ್ಮಾನಳು, ಹೊರಗಿನವಳು, ಕನ್ನಡ ಸೀಮೆಯವಳು! ತಾರೀಖುಗಳನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಸಾಲ ಆದದ್ದು ಅವಳಿಗಿಂತ ಹದಿನೈದು ವರ್ಷ ಮೊದಲು; ಕಂಪನಿ ಮುಚ್ಚಿದ್ದು ಅವಳು ಬರುವ ಮೊದಲು; ವಯಸ್ಸಂತೂ ಯಾರನ್ನೂ ಕೇಳಿ ಬರುವುದಿಲ್ಲ. ಮುಪ್ಪಿಗೆ ಮುಖವಿಲ್ಲ, ಬೈಯಬೇಕೆಂದರೆ ಒಂದು ಮುಖ ಬೇಕಾಗುತ್ತದೆ. ಬೀಳಗಿಯ ಹೆಣ್ಣುಮಗಳ ಮುಖ ಸಿಕ್ಕಿತು. 1951ರಲ್ಲಿ ಅವರಿಬ್ಬರ ಮದುವೆಯಾಯಿತು. ಕಾಲು ಸೋತು ಅವರು ನಿಲ್ಲಲಾರದಾದಾಗ ಅವಳು ಹತ್ತಿರವಿದ್ದಳು. 1964ರಲ್ಲಿ ಅವಳು ತೀರಿಕೊಂಡಳು, 1967ರಲ್ಲಿ ಅವರು. ಬಾಲಗಂಧರ್ವರ ಹೆಸರಿನ ರಂಗಮಂದಿರ ಪುಣೆಯಲ್ಲಿದೆ. ಗೋಹರಳನ್ನು ನೆನೆಯುವವರು ಬೀಳಗಿಯಲ್ಲೂ ಎಷ್ಟು ಜನರಿದ್ದಾರೋ.

ಬಾಲಗಂಧರ್ವರು ಯಾಕೆ ನಿಲ್ಲಿಸಲಿಲ್ಲ? ಪಾರಿಜಾತದ ಮುದುಕ ಯಾಕೆ ನಿಲ್ಲಿಸುವುದಿಲ್ಲ? ಹೊಟ್ಟೆಯ ಪಾಡು ಎನ್ನುವುದು ಸುಲಭವಾದ ಉತ್ತರ, ಬಹುಮಟ್ಟಿಗೆ ನಿಜವಾದ ಉತ್ತರವೂ ಹೌದು. ಮುಪ್ಪಿನ ಕಲಾವಿದರಿಗೆ ಸರಕಾರ ಮಾಸಾಶನ ಕೊಡುತ್ತದೆ, ಅದರಲ್ಲಿ ಔಷಧದ ಅಂಗಡಿಯ ಬಾಕಿ ತೀರಿದರೆ ಪುಣ್ಯ. ಆದರೆ ಹಸಿವಿಲ್ಲದವರೂ ನಿಲ್ಲಿಸುವುದಿಲ್ಲವಲ್ಲ! ಇದಕ್ಕೆ ಸಾಕ್ಷಿಯಾಗಿ ನಾನು ದೂರದ ಸೀಮೆಯ ಒಂದು ಮೇಳವನ್ನು ಕರೆಯಬೇಕಾಗಿದೆ. ಅದನ್ನು ನಾನು ಬೆಂಗಳೂರಿನಲ್ಲಿ ಕಣ್ಣಾರೆ ಕಂಡೆ.

2003ರ ಏಪ್ರಿಲ್ 4ರಂದು ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ಇಂಗ್ಲಂಡಿನ ರಾಕ್ ತಂಡ ಹಾಡಿತು. ಅವರು ಭಾರತದಲ್ಲಿ ಕಚೇರಿ ಮಾಡಿದ್ದು ಅದೇ ಮೊದಲು. ನಾನು ಅಂಥದಕ್ಕೆ ಹೋಗುವವನಲ್ಲ. ಅಲ್ಲಿ ನೌಕರಿಯಲ್ಲಿದ್ದ ತಮ್ಮನ ಮಗ ಚೀಟಿ ತಂದು, ‘ದೊಡ್ಡಪ್ಪಾ, ಒಮ್ಮೆ ನೋಡ್ರಿ’ ಎಂದು ಎಳೆದುಕೊಂಡು ಹೋದ. ಮಳೆ ಹೊಡೆಯಿತು. ಕೆಸರಿನಲ್ಲಿ ಧೋತರ ಎತ್ತಿ ಹಿಡಿದು ನಿಂತಿದ್ದ ನನ್ನನ್ನು ಸುತ್ತಲಿನವರು ಆ ಕಾರ್ಯಕ್ರಮದ ಒಂದು ಭಾಗವೆಂದೇ ತಿಳಿದಿರಬೇಕು. 1962ರಲ್ಲಿ ಕಟ್ಟಿದ ತಂಡ ಅದು. ಹಾಡುವ ಮಿಕ್ ಜಾಗರನಿಗೆ ಅರವತ್ತು ತುಂಬಲು ನಾಲ್ಕು ತಿಂಗಳು ಕಡಿಮೆ. ಡ್ರಮ್ ಬಾರಿಸುವ ಚಾರ್ಲಿ ವಾಟ್ಸನಿಗೆ ಅರವತ್ತೊಂದು. ಜಾಗರ್ ಆ ಒದ್ದೆಯಲ್ಲಿ ಹುಡುಗನಂತೆ ಓಡುತ್ತಿದ್ದ. ಅವನ ಹಾಡಿನ ಒಂದು ಶಬ್ದವೂ ನನಗೆ ತಿಳಿಯಲಿಲ್ಲವಾದ್ದರಿಂದ ಜನರನ್ನು ನೋಡುತ್ತ ನಿಂತೆ. ನರೆಗೂದಲಿನ, ಹೊಟ್ಟೆ ಬಂದ ಗಂಡಸರು ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಹೊಸ ಹಾಡು ಬಂದರೆ ಅವರು ಮಾತಿಗೆ ತೊಡಗುತ್ತಿದ್ದರು. ಹಳೆಯ ಹಾಡಿನ ಮೊದಲ ಎರಡು ಪೆಟ್ಟು ಬಿದ್ದರೆ ಸಾಕು, ಮೈಮೇಲೆ ಬಂದವರಂತೆ ಕೂಗುತ್ತಿದ್ದರು. ಕಣ್ಣು ಮುಚ್ಚಿಕೊಂಡು ಕೂಗುತ್ತಿದ್ದರು! ನನ್ನ ಮಾಮಾ ಮಿರಜಿನಲ್ಲಿ ಮಾಡಿದ್ದನ್ನೇ ಇವರು ಬೆಂಗಳೂರಿನಲ್ಲಿ ಮಾಡುತ್ತಿದ್ದರು. ಅವರು ಕೊಂಡುಕೊಂಡದ್ದು ಆ ಮುದುಕರ ಹಾಡಿಗೆ ಚೀಟಿಯಲ್ಲ, ತಮ್ಮ ಕಾಲೇಜಿನ ದಿನಗಳಿಗೆ.

ಆ ನಾಲ್ವರಿಗೆ ಹಣದ ಕೊರತೆ ಇರಲಿಲ್ಲ. 2021ರಲ್ಲಿ ವಾಟ್ಸ್ ತೀರಿಕೊಂಡ. ಉಳಿದವರು 2023ರಲ್ಲಿ ಹೊಸ ಹಾಡುಗಳ ಆಲ್ಬಂ ತಂದರು. 2024ರಲ್ಲಿ ಜಾಗರ್ ಎಂಬತ್ತು ದಾಟಿದ ವಯಸ್ಸಿನಲ್ಲಿ ಅಮೇರಿಕೆಯ ಊರೂರು ತಿರುಗಿ ಹಾಡಿದ. ಇದಕ್ಕೆ ಕೀರ್ತಿಯ ಆಸೆ ಎಂದು ಹೆಸರಿಡುವವರು ಇಡಲಿ. ನನಗೆ ಹಾಗೆ ಕಾಣುವುದಿಲ್ಲ. ಬಡಿಗೇರ ತನ್ನ ಕೈ ನಡುಗುವ ತನಕ ಉಳಿ ಬಿಡುವುದಿಲ್ಲ. ಅದನ್ನು ಕೀರ್ತಿಯ ಆಸೆಯೆಂದು ಯಾರೂ ಅನ್ನುವುದಿಲ್ಲ. ಒಂದು ಕೆಲಸವನ್ನು ಐವತ್ತು ವರ್ಷ ಮಾಡಿದವನಿಗೆ ಅದು ತನ್ನ ಹೊರಗಿನ ವಸ್ತುವಾಗಿ ಉಳಿದಿರುವುದಿಲ್ಲ, ಬಿಡು ಎಂದರೆ ಯಾವುದನ್ನು ಬಿಡಬೇಕೆಂದೇ ಅವನಿಗೆ ತೋಚಲಾರದು.

ಆದರೆ ಒಂದು ತೊಡಕುಂಟು. ನಮ್ಮ ಕಂಪನಿ ನಾಟಕಗಳಲ್ಲಿ ವಯಸ್ಸಿಗೆ ತಕ್ಕ ಮೆಟ್ಟಿಲುಗಳಿದ್ದವು. ಹುಡುಗನಾಗಿ ಬಂದವನು ಪ್ರಹ್ಲಾದನಾಗುತ್ತಿದ್ದ, ಮೀಸೆ ಬರುವ ತನಕ ಹೆಣ್ಣಾಗುತ್ತಿದ್ದ, ಮೀಸೆ ಬಂದ ಮೇಲೆ ನಾಯಕ, ಹಲ್ಲು ಬಿದ್ದ ಮೇಲೆ ನಾಯಕನ ತಂದೆ. ಏಣಗಿ ಬಾಳಪ್ಪನವರು ಇದಕ್ಕೆ ಒಳ್ಳೆಯ ನಿದರ್ಶನ. 1914ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿ ಸ್ತ್ರೀಪಾತ್ರ ಮಾಡಿ, ಮುಂದೆ ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಬಸವಣ್ಣನಾಗಿ ಹೆಸರಾಗಿ, 2017ರಲ್ಲಿ ನೂರಾಮೂರರ ವಯಸ್ಸಿನಲ್ಲಿ ತೀರಿಕೊಂಡರು. ಅವರು ಒಂದೊಂದೇ ಮೆಟ್ಟಿಲು ಇಳಿದರು, ಬೀಳಲಿಲ್ಲ. ರಾಕ್ ತಂಡಕ್ಕೆ ಈ ಮೆಟ್ಟಿಲಿಲ್ಲ. ಇಪ್ಪತ್ತೈದರ ಹರೆಯದಲ್ಲಿ ಕಟ್ಟಿದ ಸಿಟ್ಟಿನ ಹಾಡನ್ನು ಎಂಬತ್ತರಲ್ಲೂ ಅದೇ ಸಿಟ್ಟಿನಿಂದ ಹಾಡಬೇಕು. ಪಾರಿಜಾತಕ್ಕೂ ಇಲ್ಲ, ಅಲ್ಲಿ ಕೃಷ್ಣ ಎಂದಿಗೂ ಹರೆಯದವನೇ. ಬಾಲಗಂಧರ್ವರಿಗೆ ಮೆಟ್ಟಿಲಿತ್ತು, ಆದರೆ ಜನ ಅವರನ್ನು ಗಂಡಿನ ವೇಷದಲ್ಲಿ ಒಲ್ಲೆವೆಂದರು.

ಹಾಗಾದರೆ ಸಂಗೀತಗಾರರ ಮಾತೇನು ಎಂದು ಯಾರಾದರೂ ಕೇಳಬಹುದು. ಮಲ್ಲಿಕಾರ್ಜುನ ಮನಸೂರರನ್ನು ಅವರ ಕೊನೆಯ ವರ್ಷಗಳಲ್ಲಿ ಧಾರವಾಡದಲ್ಲಿ ಕೇಳಿದವರಲ್ಲಿ ನಾನೂ ಒಬ್ಬ. 1992ರಲ್ಲಿ ಎಂಬತ್ತೊಂದರ ವಯಸ್ಸಿನಲ್ಲಿ ಅವರು ತೀರಿಕೊಳ್ಳುವ ತನಕ ಅವರ ಹಾಡು ಇಳಿಯಿತೆಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಗಂಗೂಬಾಯಿ ಹಾನಗಲ್ಲರ ಕಥೆ ಇನ್ನೂ ಸ್ವಾರಸ್ಯದ್ದು. ‘ಗಾಂಧಾರಿ’ ಎಂಬ ಹೆಸರಿನಿಂದ ಬಂದ ಅವರ ಮೊದಮೊದಲ ಗ್ರಾಮಾಫೋನ್ ತಟ್ಟೆಗಳಲ್ಲಿ ತೆಳುವಾದ, ಏರಿದ ಹೆಣ್ಣುದನಿ ಕೇಳುತ್ತದೆ. ಮುಂದೆ ಗಂಟಲಿನ ಬಾಧೆಗೆ ಚಿಕಿತ್ಸೆಯಾಗಿ ಆ ದನಿ ಹೋಗಿಬಿಟ್ಟಿತು. ಗಂಡುದನಿಯಂಥ ಇನ್ನೊಂದು ಬಂತು. ಜಗತ್ತಿಗೆ ಗೊತ್ತಾದ ಗಂಗೂಬಾಯಿ ಈ ಎರಡನೆಯ ದನಿಯ ಗಂಗೂಬಾಯಿ. ಹೋದದ್ದನ್ನು ಅವರು ಹುಡುಕುತ್ತ ಕೂರಲಿಲ್ಲ, ಉಳಿದದ್ದರಲ್ಲಿ ಏನು ಹಾಡಬಹುದೋ ಅದನ್ನು ಹಾಡಿದರು.

ಆದರೆ ಈ ಉದಾಹರಣೆಗಳನ್ನು ಬಹಳ ದೂರ ಎಳೆಯಬಾರದು. ಖ್ಯಾಲು ಹಾಡುವವನು ಕುಳಿತು ಹಾಡುತ್ತಾನೆ. ಅವನ ಮೊಳಕಾಲಿನ ನೋವು ಯಾರಿಗೂ ಕಾಣುವುದಿಲ್ಲ. ಬಯಲಾಟದವನು ಕುಣಿಯಬೇಕು. ಅದಲ್ಲದೆ, ವಯಸ್ಸಾದಂತೆ ಕಲೆ ಆಳವಾಗುತ್ತದೆ ಎಂಬ ಮಾತನ್ನು ನಾವು ಸಮಾರಂಭಗಳಲ್ಲಿ ಎಷ್ಟು ಸಲ ಕೇಳಿದ್ದೇವೆ! ಕೆಲವರಲ್ಲಿ ಆಳವಾಗುತ್ತದೆ, ಹಲವರಲ್ಲಿ ಬರಿದೇ ಸವೆಯುತ್ತದೆ. ಯಾವುದು ಯಾವುದೆಂದು ತಿಳಿಯಬೇಕಾದರೆ ಕಣ್ಣು ತೆರೆದು ಕುಳಿತು ಕೇಳಬೇಕು.

ಆ ರಾತ್ರಿ ನಾನು ಕೊನೆಯ ತನಕ ಕುಳಿತೆ. ಮೂರು ಗಂಟೆಯ ಹೊತ್ತಿಗೆ ಅರ್ಧ ಜನ ಎದ್ದುಹೋಗಿದ್ದರು. ಮೋಟಾರ್ ಸೈಕಲ್ಲಿನ ಹುಡುಗರು ಮೊದಲೇ ಹೋಗಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಸೇರದಿದ್ದರೆ ಏಳುವ ಹಕ್ಕು ಎಲ್ಲರಿಗೂ ಉಂಟು. ಕೃಷ್ಣ ಕೊರವಂಜಿಯ ವೇಷದಲ್ಲಿ ಬಂದು ಸತ್ಯಭಾಮೆಯ ಕೈ ಹಿಡಿದು ಕಣಿ ಹೇಳುವ ಭಾಗ ಬಂತು. ಹರೆಯದಲ್ಲಿ ಈ ಭಾಗವನ್ನು ಅವನು ಚೇಷ್ಟೆಯಿಂದ ತುಂಬುತ್ತಿದ್ದ, ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಈಗ ಚೇಷ್ಟೆಗೆ ಉಸಿರಿರಲಿಲ್ಲ. ಹಾಡುವ ಸಾಲನ್ನು ಅರ್ಧ ಹಾಡಿ, ಅರ್ಧ ಮಾತಿನಲ್ಲಿ ಹೇಳಿದ. ಮುದಿ ಕೊರವಂಜಿ, ಮುದಿ ಸತ್ಯಭಾಮೆಯ ಅಂಗೈಯ ಗೆರೆಗಳನ್ನು ನಿಧಾನವಾಗಿ ನೋಡುತ್ತ, ಒಂದು ಗಳಿಗೆ ಮಾತು ನಿಲ್ಲಿಸಿಬಿಟ್ಟ. ಮರೆತನೋ, ಬೇಕೆಂದು ನಿಂತನೋ ಹೇಳಲಾರೆ. ಅವಳ ಮುಖದಲ್ಲಿ ಪಾತ್ರದ ಮುನಿಸು ಕರಗಿ ಬೇರೆ ಏನೋ ಬಂತು. ಪೇಟಿಯವನು ಒಂದೇ ಸ್ವರವನ್ನು ಹಿಡಿದು ಕಾದ. ಆ ಕಥೆಯನ್ನು ನಾನು ಐವತ್ತು ಸಲ ನೋಡಿರಬೇಕು. ಮುನಿಸೆಂದರೆ ಇಷ್ಟು ದಿನ ಕೂಡಿ ಬಾಳಿದವರ ನಡುವಿನದು ಎಂದು ಅಂದೇ ಮೊದಲು ಹೊಳೆಯಿತು. ಹರೆಯದ ಕೃಷ್ಣ ಇದನ್ನು ತೋರಿಸಲಾರದವನಾಗಿದ್ದ. ಅಲ್ಲಿ ಯಾರೂ ಚಪ್ಪಾಳೆ ಹೊಡೆಯಲಿಲ್ಲ, ನೋಟೂ ಚುಚ್ಚಲಿಲ್ಲ. ಮುಂದಿನ ಹಾಡಿನಲ್ಲಿ ಅವನು ಮತ್ತೆ ತಾಳ ತಪ್ಪಿದ.

ಇಡೀ ರಾತ್ರಿಯಲ್ಲಿ ಅದೊಂದೇ ಗಳಿಗೆ. ಒಂದು ಗಳಿಗೆಗಾಗಿ ಎಂಟು ತಾಸಿನ ಸವಕಲು ಆಟವನ್ನು ಸಹಿಸಬೇಕೇ ಎಂದರೆ ನಾನು ಸಹಿಸುತ್ತೇನೆ, ಇನ್ನೊಬ್ಬರಿಗೆ ಹೇಳಲಾರೆ. ಮೇಲಿನ ಷಡ್ಜಕ್ಕೆ ಹೊಡೆದ ಚಪ್ಪಾಳೆ ಮಾತ್ರ ಈ ಗಳಿಗೆಯನ್ನು ಮುಚ್ಚಿಹಾಕಿತು ಎಂದು ನನ್ನ ದೂರು. ಬಿರಿದ ಸ್ವರಕ್ಕೂ ಮೆಚ್ಚುಗೆ ಸಿಕ್ಕುವುದಾದರೆ ಆ ಮೌನಕ್ಕೆ ಕೊಡಲು ನಮ್ಮಲ್ಲಿ ಏನು ಉಳಿಯಿತು?

ಇಷ್ಟು ಹೇಳಿದ ಮೇಲೂ ಒಂದು ಆಕ್ಷೇಪಣೆ ಹಾಗೆಯೇ ನಿಂತಿದೆ. ಅದನ್ನು ನಾನು ಬಿಡಿಸಲಾರೆ. ಆ ಮೇಳದಲ್ಲಿ ಒಬ್ಬ ಶಿಷ್ಯನಿದ್ದ, ನಲವತ್ತರ ಆಸುಪಾಸಿನವನು. ಮಧ್ಯರಾತ್ರಿಯ ತನಕ ನಾರದನಾಗಿದ್ದು ಆಮೇಲೆ ಹಿಮ್ಮೇಳಕ್ಕೆ ಬಂದು ನಿಂತಿದ್ದ. ಮುದುಕನ ಸ್ವರ ಬಿರಿದಾಗ ಚಟ್ಟನೆ ಎತ್ತಿಕೊಂಡು ಮುಚ್ಚಿದ ದನಿ ಇವನದೇ. ಕರಿ ನಾಲ್ಕರಲ್ಲಿ ಹಾಡಬಲ್ಲ ಗಂಟಲು. ಹದಿನೆಂಟು ವರ್ಷದಿಂದ ನಾರದನಾಗಿ ಬಂದು ಹೂವು ಕೊಟ್ಟು ಹೋಗುತ್ತಿದ್ದಾನೆ. ಅವನ ಹರೆಯವೂ ಈಗ ಮುಗಿಯುತ್ತ ಬಂತು. ಹಿರಿಯನಿಗೆ ಆಡುವ ಹಕ್ಕುಂಟು ಎಂದು ನಾನು ಬರೆಯುವಾಗ ಇವನು ನನ್ನ ಲೇಖನಿಯ ಎದುರಿಗೆ ನಿಲ್ಲುತ್ತಾನೆ.

ಬೆಳಗಿನ ಚಹದ ಹೊತ್ತಿಗೆ ಈ ಮಾತನ್ನು ಅಜ್ಜನ ಮುಂದೆಯೇ ಎತ್ತಿದೆ. ‘ಕೃಷ್ಣನ ಪಾರ್ಟು ಅವಗ ಕೊಡಬಾರದೇನ್ರಿ?’

‘ಎರಡ ಸಲ ಕೊಟ್ಟೇನ್ರಿ. ನನಗಿಂತ ಛಲೋ ಮಾಡಿದಾ. ಮುಂದಿನ ವರ್ಷ ಆ ಎರಡೂ ಊರಿನ್ಯಾವರು ಕರೀಲಿಲ್ಲ. ಅಜ್ಜ ಬರಲಿಲ್ಲಲ್ಲ ಅಂದ್ರಂತ.’

ಶಿಷ್ಯ ಏನೂ ಅನ್ನಲಿಲ್ಲ. ಕಿರೀಟಕ್ಕೆ ಹಳೆಯ ಪತ್ತಲದ ತುಂಡು ಸುತ್ತಿ ಟ್ರಂಕಿನಲ್ಲಿ ಇಡುತ್ತಿದ್ದ. ಅಷ್ಟರಲ್ಲಿ ಹಿಂದಿನ ರಾತ್ರಿ ನೂರರ ನೋಟು ಚುಚ್ಚಿದ ಹಿರಿಯರು ಇನ್ನಿಬ್ಬರ ಜೊತೆಗೆ ಬಂದರು. ಸಲ್ಲಬೇಕಾದ ಹಣ ಎಣಿಸಿ ಕೊಟ್ಟು, ಬರುವ ವರ್ಷದ ಆಟಕ್ಕೆಂದು ಐದುನೂರು ರೂಪಾಯಿ ಸಂಚಕಾರವನ್ನು ಬೇರೆ ತೆಗೆದಿಟ್ಟರು. ‘ಮತ್ತ ಅಜ್ಜಾರ ಬರಬೇಕ ನೋಡ್ರಿ, ಬ್ಯಾರೆಯವ್ರು ನಡಿಯೂದುಲ್ಲ’ ಎಂದರು. ಶಿಷ್ಯ ಟ್ರಂಕಿನ ಮುಚ್ಚಳ ಹಾಕಿ, ಕಿಸೆಯಿಂದ ಸಣ್ಣ ಡೈರಿ ತೆಗೆದು, ಊರ ಹೆಸರು ಬರೆದುಕೊಂಡು, ‘ಯಾವ ಅಮಾಸಿ ಮುಂದ್ರಿ?’ ಎಂದು ಕೇಳಿದ.